ಕರವೀರದ ಅಚ್ಚುಕೂಟವೂ ಎರಡು ಕ್ರಾಂತಿಗಳೂ

ಕರವೀರವೆಂದೂ ಹೆಸರುಳ್ಳ, ಪಂಚಗಂಗೆಯ ತೀರದ ಕೊಲ್ಲಾಪುರವನ್ನು ನಮ್ಮ ನಾಡಿನ ಜನರು ಮಹಾಲಕ್ಷ್ಮಿಯ ಕ್ಷೇತ್ರವೆಂದು ಬಲ್ಲರು. ಕುಸ್ತಿಯ ಗರಡಿಗಳ ಊರೆಂದೂ, ಬೆಲ್ಲದ ಪೇಟೆಯೆಂದೂ, ಚಪ್ಪಲಿಗಳ ತವರೆಂದೂ ಬಲ್ಲರು. ಹಿರಣ್ಯಕೇಶಿಯ ದಡದ ಗಡಹಿಂಗ್ಲಜದ ಸಂತೆಗೆ ಹೋದವರಿಗೆ ಕನ್ನಡ ಮರಾಠಿಗಳೆರಡೂ ಒಂದೇ ಬಾಯಿಂದ ಹೊರಡುವುದು ಹೊಸ ಸಂಗತಿಯಲ್ಲ; ಇಚಲಕರಂಜಿಯ ಮಗ್ಗಗಳ ಸದ್ದನ್ನು ಅರಿಯದ ನೇಕಾರ ಮನೆತನ ರಬಕವಿ ಬನಹಟ್ಟಿಗಳಲ್ಲಿ ದೊರೆಯುವುದು ಕಷ್ಟ. ಆದರೆ ಈ ಪ್ರಾಂತಕ್ಕೆ ಇನ್ನೊಂದು ಕೀರ್ತಿಯೂ ಉಂಟು. ಸೀಸದ ಮೊಳೆಗಳಿಂದ ಕಾಗದದ ಮೇಲೆ ಮೂಡಿದ ಅಕ್ಷರವು ಒಂದು ಸಮಾಜದ ರಾಜಕೀಯ ಬುದ್ಧಿಯನ್ನು ಹೇಗೆ ಬುಡಮಟ್ಟ ಬದಲಿಸಬಲ್ಲುದೆಂಬುದನ್ನು ತಿಳಿಯಬಯಸುವವನು, ಕಲಕತ್ತೆ ಮುಂಬಯಿಗಳಿಗೆ ಹೋಗದೆಯೂ, ಈ ಚಿಕ್ಕ ಸಂಸ್ಥಾನದ ಎಪ್ಪತ್ತು ವರ್ಷಗಳ ಚರಿತ್ರೆಯಲ್ಲಿಯೇ ಅದನ್ನು ಸಮಗ್ರವಾಗಿ ಕಾಣಬಹುದು. ಇಲ್ಲಿ ಮುದ್ರಣಯಂತ್ರವು ಒಂದಲ್ಲ, ಎರಡು ಕ್ರಾಂತಿಗಳನ್ನು ಹೊತ್ತಿತು: ಪರಕೀಯರ ಪ್ರಭುತ್ವವನ್ನು ಪ್ರಶ್ನಿಸಿದ್ದು ಒಂದು, ಸ್ವಕೀಯರ ಶ್ರೇಣಿಯನ್ನು ಪ್ರಶ್ನಿಸಿದ್ದು ಇನ್ನೊಂದು. ಅವೆರಡೂ ಒಮ್ಮೆ ಕೈ ಹಿಡಿದು, ಬಳಿಕ ಬಹುಕಾಲ ಒಂದನ್ನೊಂದು ವಿರೋಧಿಸಿ, ಕಡೆಗೆ ಒಂದು ತಲೆಮಾರಿನ ಕೈಯಲ್ಲಿ ಕೂಡಿಬಂದ ಕಥೆಯೇ ಈ ಲೇಖನದ ವಿಷಯ.

1857ರ ಜುಲೈ 31ರಂದು ಕೊಲ್ಲಾಪುರದಲ್ಲಿದ್ದ 27ನೆಯ ದೇಶೀ ಪದಾತಿದಳವು ದಂಗೆಯೆದ್ದಿತು. ಮಹಾರಾಜರ ಸೋದರ ಚಿಮಾಸಾಹೇಬರ ಮೇಲೆ ಸಂಶಯ ತಾಳಿದ ಆಂಗ್ಲರು ಅವರನ್ನು ಕರಾಚಿಗೆ ಸಾಗಿಸಿಬಿಟ್ಟರು. ಆ ರಾಜಕುಮಾರನು ತಾಯ್ನೆಲವನ್ನು ಮರಳಿ ಕಾಣಲಿಲ್ಲ. ಇಷ್ಟು ದೊಡ್ಡ ಅನ್ಯಾಯವು ನಡೆದಾಗಲೂ ಕರವೀರದ ಪ್ರಜೆಯು ಅದನ್ನು ಕುರಿತು ಏನೆಂದುಕೊಂಡನೆಂಬುದು ಎಲ್ಲಿಯೂ ದಾಖಲಾಗಲಿಲ್ಲ. ಅರಮನೆಯ ವಾರ್ತೆಯು ಅರಮನೆಯೊಳಗೆ ಉಳಿಯುತ್ತಿತ್ತು. ಹೊರಬಿದ್ದರೆ ಗುಸುಗುಸುವಾಗಿ ಬೀಳುತ್ತಿತ್ತು. ಗುಸುಗುಸುವಿಗೆ ಕರ್ತೃವಿಲ್ಲ, ಕರ್ತೃವಿಲ್ಲದ ಮಾತಿಗೆ ಉತ್ತರ ಕೊಡುವ ಹೊಣೆ ಯಾವ ಅಧಿಕಾರಿಗೂ ಇರಲಿಲ್ಲ. ಸರಿಯಾಗಿ ಇಪ್ಪತ್ತೈದು ವರ್ಷಗಳ ತರುವಾಯ, ಅದೇ ರಾಜಮನೆತನದ ಇನ್ನೊಬ್ಬ ತರುಣನ ವಿಷಯದಲ್ಲಿ ನಡೆದುದನ್ನು ಇದರೊಡನೆ ಇಟ್ಟು ನೋಡಿದರೆ, ನಡುವಿನ ಕಾಲದಲ್ಲಿ ಮುದ್ರಣವು ಮಾಡಿದ ಕಾರ್ಯವು ತಾನಾಗಿಯೇ ಗೋಚರಿಸುತ್ತದೆ.

1881ರ ಜನವರಿಯ ಮೊದಲ ವಾರದಲ್ಲಿ ಪುಣೆಯಿಂದ ಎರಡು ವಾರಪತ್ರಿಕೆಗಳು ಹೊರಟವು: 2ರಂದು ಆಂಗ್ಲಭಾಷೆಯ ‘ಮರಾಠಾ’, 4ರಂದು ಮರಾಠಿಯ ‘ಕೇಸರಿ’. ವಿಷ್ಣುಶಾಸ್ತ್ರಿ ಚಿಪಳೂಣಕರರ ಪ್ರೇರಣೆಯಿಂದ ಈ ಕಾರ್ಯಕ್ಕೆ ಇಳಿದಿದ್ದ ಬಾಲ ಗಂಗಾಧರ ಟಿಳಕರೂ ಗೋಪಾಲ ಗಣೇಶ ಆಗರ್ಕರರೂ ಆಗ ಇಪ್ಪತ್ತೈದರ ಆಚೀಚಿನ ತರುಣರು. ಆ ಕಾಲಕ್ಕೆ ಕೊಲ್ಲಾಪುರದ ಗಾದಿಯ ಮೇಲಿದ್ದ ತರುಣ ಛತ್ರಪತಿ ಶಿವಾಜಿ ಮಹಾರಾಜರಿಗೆ ಬುದ್ಧಿಭ್ರಮಣೆಯಾಗಿದೆಯೆಂದು ಅಧಿಕಾರಿಗಳು ಸಾರುತ್ತಿದ್ದರೆ, ಆ ಭ್ರಮಣೆಯು ದಿವಾನ ಮಾಧವರಾವ್ ಬರ್ವೆಯವರ ಆಳ್ವಿಕೆಯಲ್ಲಿ ನಡೆದ ಹಿಂಸೆಯ ಫಲವೆಂದು ಜನರು ನಂಬಿದ್ದರು. ದಿವಾನರದೆಂದು ಹೇಳಲಾದ ಕೆಲವು ಪತ್ರಗಳ ಆಧಾರದಿಂದ ಪುಣೆಯ ಪತ್ರಿಕೆಗಳು ಈ ಆಪಾದನೆಯನ್ನು ಬಹಿರಂಗವಾಗಿ ಮುದ್ರಿಸಿದವು. ಬರ್ವೆಯವರು ಮಾನಹಾನಿಯ ದಾವೆ ಹೂಡಿದರು. ಪತ್ರಗಳು ಕೃತಕವೆಂದು ನ್ಯಾಯಾಲಯದಲ್ಲಿ ತೀರ್ಮಾನವಾಯಿತು. ಸಂಪಾದಕರು ಕ್ಷಮಾಯಾಚನೆ ಮಾಡಿದರೂ 1882ರ ಜುಲೈನಲ್ಲಿ ಅವರಿಗೆ ನಾಲ್ಕು ತಿಂಗಳ ಸಾದಾ ಶಿಕ್ಷೆಯಾಯಿತು. ಮುಂಬಯಿಯ ಡೋಂಗರಿ ಸೆರೆಮನೆಯಲ್ಲಿ 101 ದಿನಗಳನ್ನು ಕಳೆದು ಅಕ್ಟೋಬರ್ 26ರಂದು ಅವರು ಹೊರಬಂದರು. ಆಗರ್ಕರರು ಆ ದಿನಗಳ ಮೇಲೆ ಒಂದು ಪುಸ್ತಕವನ್ನೇ ಬರೆದರು. ಇತ್ತ ಆ ಹತಭಾಗ್ಯ ಮಹಾರಾಜರು ಮರುವರ್ಷದ ಡಿಸೆಂಬರ್ 25ರಂದು ಅಹಮದನಗರದಲ್ಲಿ, ತಮ್ಮನ್ನು ಕಾಯಲೆಂದು ನೇಮಿಸಿದ್ದ ಆಂಗ್ಲ ಸೈನಿಕನೊಡನೆ ನಡೆದ ಹೊಡೆದಾಟದಲ್ಲಿ ಪ್ರಾಣ ಬಿಟ್ಟರು.

ಪತ್ರಿಕೆಗಳ ಆಧಾರವು ದುರ್ಬಲವಾಗಿತ್ತೆಂಬುದನ್ನು ಮರೆಮಾಚಬೇಕಾದುದಿಲ್ಲ. ಆದರೂ ಈ ಪ್ರಕರಣದಿಂದ ಒಂದು ಹೊಸ ನಿಯಮವು ಹುಟ್ಟಿತು. ಸಂಸ್ಥಾನದ ದಿವಾನನಂಥ ಪ್ರಬಲನೂ ತನ್ನ ಹೆಸರನ್ನು ಉಳಿಸಿಕೊಳ್ಳಲು ನ್ಯಾಯಾಲಯದ ಮೆಟ್ಟಲೇರಿ ಜನರೆದುರಿಗೆ ಸಾಕ್ಷಿ ನುಡಿಯಬೇಕಾಯಿತು. ಬರೆದವನು ಬರೆದುದಕ್ಕೆ ಹೆಸರು ಕೊಟ್ಟು, ತಪ್ಪಿದುದಕ್ಕೆ ಸೆರೆಮನೆ ಸೇರಿ, ಆ ಸೆರೆಮನೆಯಿಂದಲೇ ಹೆಚ್ಚಿನ ಗೌರವವನ್ನು ಗಳಿಸಿದನು. ಚಿಮಾಸಾಹೇಬರು ಸದ್ದಿಲ್ಲದೆ ಕಣ್ಮರೆಯಾದರು. ಶಿವಾಜಿ ಮಹಾರಾಜರ ದುರಂತವನ್ನು ಪುಣೆ ಮುಂಬಯಿಗಳ ಓದುಗನೂ ತನ್ನ ಮನೆಯ ದುಃಖವೆಂಬಂತೆ ಓದಿದನು.

ಈ ಪ್ರಕರಣದಲ್ಲಿ ಬೆಳಕಿಗೆ ಬರಬೇಕಾದ ಇನ್ನೊಂದು ಸಂಗತಿಯಿದೆ. ಸಂಪಾದಕರಿಗೆ ಜಾಮೀನು ಬೇಕಾದಾಗ ಹತ್ತು ಸಾವಿರ ರೂಪಾಯಿಗಳನ್ನು ಹೊಂದಿಸಿ ಮುಂದೆ ಬಂದವರು ರಾಮಶೇಠ ಉರವಣೆಯವರು. ಅವರನ್ನು ಮುಂದೆ ಕಳುಹಿಸಿದವರು ಮಹಾತ್ಮಾ ಜೋತಿರಾವ್ ಫುಲೆಯವರು. 1873ರ ಸೆಪ್ಟೆಂಬರ್ 24ರಂದು ಸತ್ಯಶೋಧಕ ಸಮಾಜವನ್ನು ಸ್ಥಾಪಿಸಿ, ಅದೇ ವರ್ಷ ‘ಗುಲಾಮಗಿರಿ’ಯನ್ನು ಪ್ರಕಟಿಸಿ, ಪುರೋಹಿತಶಾಹಿಯನ್ನು ಬೇರುಸಹಿತ ಪ್ರಶ್ನಿಸಿದ್ದ ಫುಲೆಯವರಿಗೂ, ಅವರ ಗ್ರಂಥಗಳನ್ನು ಹಳಿದಿದ್ದ ಚಿಪಳೂಣಕರರ ಶಿಷ್ಯಮಂಡಲಿಗೂ ವಿಚಾರದಲ್ಲಿ ಯಾವ ಹೊಂದಿಕೆಯೂ ಇರಲಿಲ್ಲ. ಆದರೂ ಬರೆದುದಕ್ಕಾಗಿ ಇಬ್ಬರು ತರುಣರು ಕಟಕಟೆಯೇರಿದಾಗ ಫುಲೆಯವರು ಭೇದವನ್ನು ಬದಿಗಿಟ್ಟರು. ಆ ತರುಣರು ಬಿಡುಗಡೆಯಾದಾಗ ಸತ್ಯಶೋಧಕರು ಮುಂಬಯಿಯಲ್ಲಿ ಅವರನ್ನು ಸನ್ಮಾನಿಸಿದರು. ಎರಡು ಕ್ರಾಂತಿಗಳು ಹೀಗೆ ಕೊಲ್ಲಾಪುರದ ನಿಮಿತ್ತವಾಗಿ ಒಂದು ಗಳಿಗೆ ಕೂಡಿ ನಿಂತವು. ಆ ಗಳಿಗೆಯು ದೀರ್ಘವಾಗಿದ್ದರೆ ಮಹಾರಾಷ್ಟ್ರದ ಚರಿತ್ರೆಯೂ, ಅದರ ನೆರಳಿನಲ್ಲಿ ಬೆಳೆದ ಮುಂಬಯಿ ಕರ್ನಾಟಕದ ಚರಿತ್ರೆಯೂ ಬೇರೆಯಾಗುತ್ತಿದ್ದುವೆಂದು ನನಗೆ ತೋರುತ್ತದೆ. ಆದರೆ ಜತೆಯಾಗಿ ಸೆರೆಮನೆ ಕಂಡ ಆ ಮಿತ್ರರೇ ಬೇರ್ಪಟ್ಟರು: ರಾಜಕೀಯ ಸ್ವಾತಂತ್ರ್ಯವೇ ಮೊದಲೆಂದವರು ಟಿಳಕರು, ಸಮಾಜದ ಸುಧಾರಣೆಯನ್ನು ಮುಂದೂಡಲಾಗದೆಂದವರು ಆಗರ್ಕರರು. 1887ರಲ್ಲಿ ‘ಕೇಸರಿ’ಯನ್ನು ಬಿಟ್ಟ ಆಗರ್ಕರರು ಮರುವರ್ಷ ‘ಸುಧಾರಕ’ವೆಂಬ ಬೇರೆ ಪತ್ರಿಕೆಯನ್ನೇ ತೆರೆದರು.

ಕೊಲ್ಲಾಪುರದಲ್ಲಿಯೇ ನೆಲೆಸಿ ಮುದ್ರಣವನ್ನು ವ್ರತವಾಗಿ ಹಿಡಿದವರು ರಾಜಾರಾಮ ಕಾಲೇಜಿನ ಪ್ರಾಧ್ಯಾಪಕ ವಿಷ್ಣು ಗೋವಿಂದ ವಿಜಾಪುರಕರರು. 1894ರಲ್ಲಿ ಅವರು ಆರಂಭಿಸಿದ ‘ಗ್ರಂಥಮಾಲೆ’ಯು ಹೆಸರಿಗೆ ತಕ್ಕಂತೆ ಒಂದೊಂದು ಸಂಚಿಕೆಯಲ್ಲಿ ಗ್ರಂಥಗಳ ಭಾಗಗಳನ್ನು ಕಂತುಕಂತಾಗಿ ಓದುಗರ ಮನೆಗೆ ಮುಟ್ಟಿಸುತ್ತಿದ್ದ ಮಾಸಿಕವಾಗಿತ್ತು, ಕಾದಂಬರಿಯನ್ನು ಕುರಿತ ಇತಿಹಾಸಾಚಾರ್ಯ ರಾಜವಾಡೆಯವರ ಪ್ರಸಿದ್ಧ ಪ್ರಬಂಧವು 1902ರಲ್ಲಿ ಬೆಳಕು ಕಂಡುದು ಅದರಲ್ಲಿಯೇ. ದೇಶಭಾಷೆಯಲ್ಲಿ ಶಾಸ್ತ್ರ, ಇತಿಹಾಸ, ಅರ್ಥಚರ್ಚೆಗಳು ದೊರೆಯದ ಹೊರತು ಸ್ವರಾಜ್ಯದ ಮಾತು ನಿರಾಧಾರವೆಂದು ನಂಬಿದ್ದ ವಿಜಾಪುರಕರರು, ಬಂಗಾಲದ ವಿಭಜನೆಯ ಬಳಿಕ ಸ್ವದೇಶಿಯ ಉತ್ಸಾಹವು ಉಕ್ಕಿದಾಗ ‘ಸಮರ್ಥ’ ವಾರಪತ್ರಿಕೆಯಲ್ಲಿಯೂ, 1906ರಿಂದ ‘ವಿಶ್ವವೃತ್ತ’ ಮಾಸಿಕದಲ್ಲಿಯೂ ಆ ನಂಬಿಕೆಯನ್ನು ಬಹಿರಂಗ ರಾಜಕೀಯವಾಗಿ ಬೆಳೆಸಿದರು; ರಾಷ್ಟ್ರೀಯ ಶಿಕ್ಷಣಕ್ಕಾಗಿ ಸಮರ್ಥ ವಿದ್ಯಾಲಯವನ್ನು ಸ್ಥಾಪಿಸಿದರು. ಮುಂದೆ ‘ರಾಗಿಣಿ’ ಕಾದಂಬರಿಯಿಂದ ಪ್ರಸಿದ್ಧರಾದ ವಾಮನ ಮಲ್ಹಾರ ಜೋಶಿಯವರು ಆಗ ಅವರ ಸಹಕಾರಿಯಾಗಿದ್ದರು.

‘ವಿಶ್ವವೃತ್ತ’ದ ಮೇಲೆ 1908ರಲ್ಲಿ ಬಿದ್ದ ರಾಜದ್ರೋಹದ ಮೊಕದ್ದಮೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಆಕ್ಷೇಪಕ್ಕೆ ಗುರಿಯಾದ ಬರಹದಲ್ಲಿ ಬಾಂಬಿನ ಮಾತಿರಲಿಲ್ಲ. ಚಿತ್ರಕಲೆಯನ್ನು ಕಲಿತು ವೇದಾಧ್ಯಯನಕ್ಕೆ ಹೊರಳಿದ್ದ ಶ್ರೀಪಾದ ದಾಮೋದರ ಸಾತವಳೇಕರರು, ವೈದಿಕ ಪ್ರಾರ್ಥನೆಗಳ ತೇಜಸ್ವಿತೆಯನ್ನು ಕುರಿತು ಬರೆದ ಲೇಖನವದು. ಶತ್ರುಗಳನ್ನು ಜಯಿಸುವ ಬಲವನ್ನು ಬೇಡುವ ಪುರಾತನ ಋಕ್ಕುಗಳು ದೀನರ ಮೊರೆಯಲ್ಲ, ವೀರರ ಸಂಕಲ್ಪ ಎಂಬ ಪ್ರತಿಪಾದನೆಯಲ್ಲಿ, ಓದುಗನು ‘ಶತ್ರು’ ಎಂಬಲ್ಲಿ ಯಾರನ್ನು ಭಾವಿಸುವನೆಂಬುದನ್ನು ಸರಕಾರವು ಚೆನ್ನಾಗಿ ಅರಿತಿತ್ತು. ಸಂಪಾದಕರೆಂದು ವಿಜಾಪುರಕರರಿಗೂ, ಅವರೊಡನೆ ವಾಮನರಾವ್ ಜೋಶಿಯವರಿಗೂ ಮುದ್ರಕರಿಗೂ ಸೆರೆಮನೆಯಾಯಿತು. ಜೋಶಿಯವರು ಮೂರು ವರ್ಷಗಳ ಸಕ್ತ ಶಿಕ್ಷೆಯನ್ನು ಅನುಭವಿಸಿದರು. ಮುದ್ರಕನೂ ಶಿಕ್ಷೆಗೆ ಒಳಗಾದುದನ್ನು ಗಮನಿಸಬೇಕು: ಮೊಳೆ ಜೋಡಿಸಿ, ಕರಡು ತಿದ್ದಿಸಿ, ಕಡೆಯ ಪುಟದ ಅಡಿಯಲ್ಲಿ ತನ್ನ ಹೆಸರನ್ನೂ ಅಚ್ಚುಕೂಟದ ಹೆಸರನ್ನೂ ಇಟ್ಟವನು ಬರೆದವನಷ್ಟೇ ಅಪರಾಧಿಯೆನಿಸಿದನು, ಆ ಒಂದು ಸಾಲು ಅಂದಿನ ಕಾಲದಲ್ಲಿ ಧೈರ್ಯದ ರುಜುವಾಗಿತ್ತು. ಅದೇ ವರ್ಷ ಟಿಳಕರು ಆರು ವರ್ಷಗಳ ಶಿಕ್ಷೆಗೆ ಮಂಡಾಲೆಗೆ ಹೋದರು. ನಮ್ಮ ಮೈಸೂರಿನಲ್ಲಿ ಅದೇ 1908ರಲ್ಲಿ ಹೊರಟ ಪತ್ರಿಕಾ ಶಾಸನವನ್ನು ಪ್ರತಿಭಟಿಸಿ ತಾತಯ್ಯ ವೆಂಕಟಕೃಷ್ಣಯ್ಯನವರು ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ದೇಶೀ ಸಂಸ್ಥಾನಗಳಲ್ಲಿ ಅಚ್ಚಿನ ಅಕ್ಷರವನ್ನು ಕಂಡರೆ ಆಂಗ್ಲರಿಗೆ ಎಷ್ಟು ಭಯವೋ, ಅವರ ಕೃಪೆಯಲ್ಲಿದ್ದ ದರಬಾರುಗಳಿಗೂ ಅಷ್ಟೇ ಭಯವಿತ್ತು.

ಇಷ್ಟನ್ನು ಮಾತ್ರ ಹೇಳಿದರೆ ಕರವೀರದ ಕಥೆಯು ಅರ್ಧವೇ ಆದೀತು. ವೇದಮಂತ್ರದ ತೇಜಸ್ಸಿಗಾಗಿ ಸೆರೆಮನೆ ಸೇರಿದವರ ಊರಿನಲ್ಲಿಯೇ, ಅದಕ್ಕೂ ಕೆಲವು ವರ್ಷಗಳ ಹಿಂದೆ, ಆ ಮಂತ್ರವನ್ನು ಕೇಳುವ ಅಧಿಕಾರವು ಸ್ವತಃ ಮಹಾರಾಜನಿಗೂ ಇಲ್ಲವೆಂದು ವಾದಿಸಲಾಗಿತ್ತು. ಶಾಹೂ ಮಹಾರಾಜರು ಕಾರ್ತಿಕಮಾಸದಲ್ಲಿ ಪಂಚಗಂಗೆಗೆ ಸ್ನಾನಕ್ಕೆ ಹೋಗುತ್ತಿದ್ದಾಗ ಪುರೋಹಿತನು ವೇದೋಕ್ತವನ್ನು ಬಿಟ್ಟು ಪುರಾಣೋಕ್ತ ಮಂತ್ರಗಳನ್ನು ಹೇಳುತ್ತಿದ್ದನು. ಮಹಾರಾಜರು ಶೂದ್ರರಾದುದರಿಂದ ಹಾಗೆಂದು ಸಮರ್ಥಿಸಿಕೊಂಡನು. ಈ ವೇದೋಕ್ತ ವಿವಾದದಲ್ಲಿ ‘ಕೇಸರಿ’ಯು 1901ರ ಅಕ್ಟೋಬರಿನಲ್ಲಿ ಪುರೋಹಿತರ ಪಕ್ಷಕ್ಕೆ ಒಲಿದು ಬರೆಯಿತು. ಯಾವ ಪತ್ರಿಕೆಯು ಇಪ್ಪತ್ತು ವರ್ಷಗಳ ಹಿಂದೆ ಕೊಲ್ಲಾಪುರದ ಛತ್ರಪತಿಗಾಗಿ ಸೆರೆಮನೆಯನ್ನು ಸ್ವೀಕರಿಸಿತ್ತೋ ಅದೇ ಪತ್ರಿಕೆಯು ಈಗ ಕೊಲ್ಲಾಪುರದ ಛತ್ರಪತಿಗೆ ಎದುರಾಯಿತು. ದೂರದ ಅಧಿಕಾರಿಯ ಅನ್ಯಾಯವನ್ನು ಕಾಣುವ ಕಣ್ಣು ಹತ್ತಿರದ ಅನ್ಯಾಯಕ್ಕೆ ಮುಚ್ಚಿಕೊಂಡುದು ನಮ್ಮ ಪತ್ರಿಕೋದ್ಯಮದ ಚರಿತ್ರೆಯಲ್ಲಿ ನೋವಿನ ಪ್ರಸಂಗ.

ಶಾಹೂ ಮಹಾರಾಜರು ಕೊಟ್ಟ ಉತ್ತರವೂ ಮುದ್ರಣದ ಮೂಲಕವೇ ಬಂದಿತು. 1902ರ ಜುಲೈ 26ರ ದಿನಾಂಕದ ಕರವೀರ ಸರಕಾರದ ಗ್ಯಾಜೆಟ್ಟಿನಲ್ಲಿ, ಸಂಸ್ಥಾನದ ತೆರವಾಗುವ ಹುದ್ದೆಗಳಲ್ಲಿ ನೂರಕ್ಕೆ 50ನ್ನು ಹಿಂದುಳಿದ ವರ್ಗದವರಿಗೆ ಮೀಸಲಿಡತಕ್ಕದ್ದೆಂಬ ಆಜ್ಞೆಯು ಪ್ರಕಟವಾಯಿತು. ಬ್ರಾಹ್ಮಣ, ಪ್ರಭು, ಶೇಣವಿ, ಪಾರಸಿ ಮೊದಲಾದ ಮುಂದುವರಿದವರನ್ನು ಬಿಟ್ಟು ಉಳಿದೆಲ್ಲರೂ ಹಿಂದುಳಿದವರೆಂದು ಅದರಲ್ಲಿ ವಿವರಿಸಲಾಗಿತ್ತು. ಮೈಸೂರಿನಲ್ಲಿ ಹಿಂದುಳಿದವರ ಪ್ರಾತಿನಿಧ್ಯವನ್ನು ವಿಚಾರಿಸಲು ಮಿಲ್ಲರ್ ಸಮಿತಿಯ ನೇಮಕವಾದುದು 1918ರಲ್ಲಿ ಎಂಬುದನ್ನು ನೆನೆದರೆ ಈ ಆಜ್ಞೆಯ ಸಾಹಸವು ತಿಳಿದೀತು. ಸರಕಾರಿ ಗ್ಯಾಜೆಟ್ಟಿನಷ್ಟು ನೀರಸವಾದ ಮುದ್ರಿತ ವಸ್ತು ಇನ್ನೊಂದಿಲ್ಲ. ಆದರೆ ಹಕ್ಕೆಂಬುದು ಭಾಷಣದಲ್ಲಿ ಹುಟ್ಟಿದರೂ ಅಚ್ಚಾದ ಆಜ್ಞೆಯಲ್ಲಿಯೇ ಗಟ್ಟಿಯಾಗುತ್ತದೆ. ಓದಬಲ್ಲ ಒಬ್ಬನು ಅದನ್ನು ಕೈಯಲ್ಲಿ ಹಿಡಿದು ಕಚೇರಿಯ ಬಾಗಿಲಲ್ಲಿ ನಿಂತು ಕೇಳಬಹುದು. ಓದಬಲ್ಲವರನ್ನು ಬೆಳೆಸುವುದಕ್ಕಾಗಿಯೇ ಮಹಾರಾಜರು ಒಂದೊಂದು ಸಮಾಜಕ್ಕೂ ವಿದ್ಯಾರ್ಥಿನಿಲಯಗಳನ್ನು ತೆರೆಯಿಸಿದರು. 1901ರ ಜೈನ ಬೋರ್ಡಿಂಗಿನಲ್ಲಿಯೂ, ಅನಂತರದ ಲಿಂಗಾಯತ ಬೋರ್ಡಿಂಗಿನಲ್ಲಿಯೂ ಮನೆಯಲ್ಲಿ ಕನ್ನಡವಾಡುವ ಎಷ್ಟೋ ಮಕ್ಕಳು ಇದ್ದು ಕಲಿತರು. 1917ರಲ್ಲಿ ಪ್ರಾಥಮಿಕ ಶಿಕ್ಷಣವು ಉಚಿತವೂ ಕಡ್ಡಾಯವೂ ಆಯಿತು.

1920ರ ಜನವರಿ 31ರಂದು ಡಾಕ್ಟರ್ ಅಂಬೇಡ್ಕರರು ಮುಂಬಯಿಯಲ್ಲಿ ‘ಮೂಕನಾಯಕ’ ಪಾಕ್ಷಿಕವನ್ನು ಹೊರಡಿಸಿದಾಗ ಅದಕ್ಕೆ ಮೂಲಧನವಾಗಿ ಒದಗಿದುದು ಶಾಹೂ ಮಹಾರಾಜರು ಕೊಟ್ಟ 2,500 ರೂಪಾಯಿಗಳು. ಈ ಪತ್ರಿಕೆಯ ಜಾಹೀರಾತನ್ನು ಹಣ ಕೊಡುವೆವೆಂದರೂ ‘ಕೇಸರಿ’ಯು ಸ್ವೀಕರಿಸಲಿಲ್ಲವೆಂಬುದನ್ನು ಅಂಬೇಡ್ಕರರು ಮುಂದೆ ಬರೆದಿದ್ದಾರೆ. ಎರಡು ತಿಂಗಳೊಳಗಾಗಿ, ಮಾರ್ಚ್ 21 ಮತ್ತು 22ರಂದು, ಕೊಲ್ಲಾಪುರ ಪ್ರಾಂತದ ಮಾಣಗಾವಿನಲ್ಲಿ ಅಸ್ಪೃಶ್ಯರ ಪರಿಷತ್ತು ನೆರೆಯಿತು; ಅಂಬೇಡ್ಕರರು ಅಧ್ಯಕ್ಷರಾಗಿದ್ದ ಆ ಸಭೆಗೆ ಮಹಾರಾಜರೇ ಬಂದು, ನಿಮ್ಮೊಳಗಿನಿಂದಲೇ ನಿಮಗೆ ನಾಯಕನು ದೊರೆತನೆಂದು ಜನರಿಗೆ ಸಾರಿದರು. ಪತ್ರಿಕೆ ಮೊದಲು, ಪರಿಷತ್ತು ಅನಂತರ: ಈ ಕ್ರಮವನ್ನು ಮನಸ್ಸಿಗೆ ತಂದುಕೊಳ್ಳಬೇಕು. ಅಚ್ಚಿನಲ್ಲಿ ತಮ್ಮ ದುಃಖವನ್ನು ಕಂಡ ಜನರು ತಾವು ಒಬ್ಬಂಟಿಗರಲ್ಲವೆಂದು ತಿಳಿದರು. ಹಾಗೆ ತಿಳಿದವರು ಸೇರಿದಾಗ ಮಾತ್ರ ಗುಂಪು ಪರಿಷತ್ತಾಯಿತು.

ಈ ಪತ್ರಿಕೆಗಳು ಹಳ್ಳಿಗೆ ಮುಟ್ಟಿದ ಬಗೆಯೂ ವಿಚಾರಾರ್ಹವಾದುದು. ಕೊಲ್ಲಾಪುರಕ್ಕೆ ಮಿರಜೆಯಿಂದ ರೈಲು ಬಂದುದು 1891ರಲ್ಲಿ. ಅಲ್ಲಿಂದ ಮುಂದೆ ಗಡಹಿಂಗ್ಲಜದಂಥ ಪೇಟೆಗಳಿಗೆ ಪತ್ರಿಕೆಯು ಟಪಾಲಿನ ಚೀಲದಲ್ಲಿ ರಸ್ತೆಯ ದಾರಿ ಹಿಡಿಯಬೇಕಾಗಿತ್ತು. ಚಂದಾ ಕಟ್ಟಿದವನು ಒಬ್ಬ ಮಾಸ್ತರನೋ ಅಡತಿಯ ವ್ಯಾಪಾರಿಯೋ ಆಗಿರುತ್ತಿದ್ದನು. ಓದಿದವನು ಒಬ್ಬನಾದರೂ ಕೇಳಿದವರು ಹತ್ತಾರು ಜನ. ಚಾವಡಿಯ ಕಟ್ಟೆಯ ಮೇಲೆ ಮರಾಠಿಯಲ್ಲಿ ಓದಿದುದನ್ನು ನೂಲ, ಹಲಕರ್ಣಿಗಳ ಕಡೆಯ ರೈತರು ಕನ್ನಡದಲ್ಲಿ ಚರ್ಚಿಸುತ್ತಿದ್ದರು. ಗಡಿಯ ಈ ದ್ವಿಭಾಷಿಕತೆಯು ವಿಚಾರಗಳ ಪ್ರಸಾರಕ್ಕೆ ತಡೆಯಾಗಲಿಲ್ಲ, ಸೇತುವೆಯಾಯಿತು. ಚಳವಳಿಗಳೂ ಹೀಗೆಯೇ ಗಡಿಯ ಎರಡೂ ಬದಿಗೆ ಹಬ್ಬಿದವು: ಟಿಳಕರ ಹೋಮ್‌ರೂಲ್ ಲೀಗು 1916ರಲ್ಲಿ ಸ್ಥಾಪಿತವಾದುದು ಬೆಳಗಾವಿಯಲ್ಲಿ. ಸಂಸ್ಥಾನದ ದಿವಾನಗಿರಿಯನ್ನು ಮುಂದೆ ವಹಿಸಿದ ಅಣ್ಣಾಸಾಹೇಬ ಲಠ್ಠೆಯವರು ಬ್ರಾಹ್ಮಣೇತರ ಚಳವಳಿಯನ್ನು ನಡೆಸಿದುದು ಕೊಲ್ಲಾಪುರ ಬೆಳಗಾವಿಗಳೆರಡನ್ನೂ ಕರ್ಮಭೂಮಿಯನ್ನಾಗಿ ಮಾಡಿಕೊಂಡು. ಇತ್ತ ಇಚಲಕರಂಜಿಯಲ್ಲಿ 1904ರಲ್ಲಿ ವಿಠ್ಠಲರಾವ್ ದಾತಾರರು ಮೊದಲ ಯಂತ್ರಮಗ್ಗವನ್ನು ಹೂಡಿದರು. ಜಹಗೀರಿನ ಆ ಚಿಕ್ಕ ಊರು ದುಡಿಮೆಗಾರರ ಪಟ್ಟಣವಾಗಿ ಬೆಳೆದಂತೆ, ವಾರಪತ್ರಿಕೆಯ ದೀರ್ಘ ಅಗ್ರಲೇಖನವನ್ನು ಓದುವ ಬಿಡುವಿಲ್ಲದ ಮಗ್ಗದ ಕೆಲಸಗಾರನಿಗೆ ಒಂದೇ ಹಾಳೆಯ ಕರಪತ್ರವು ಪಾಳಿ ಮುಗಿಯುವ ಹೊತ್ತಿಗೆ ಕೈಗೆ ಬಂದು ಅವನ ರಾಜಕೀಯ ಪಾಠವಾಯಿತು.

ಶಾಹೂ ಮಹಾರಾಜರು 1922ರಲ್ಲಿ ತೀರಿಕೊಂಡರು. ಅವರು ತೆರೆಸಿದ ಶಾಲೆಗಳಲ್ಲಿ, ಅವರು ಪೋಷಿಸಿದ ಸತ್ಯಶೋಧಕ ವಾತಾವರಣದಲ್ಲಿ ಬೆಳೆದ ತಲೆಮಾರು ಒಂದು ಹೆಜ್ಜೆ ಮುಂದೆ ಹೋಗಿ, ಕೊಲ್ಲಾಪುರದ ರಾಜಶಾಹಿಯನ್ನೇ ಪ್ರಶ್ನಿಸಿತು. ಚಿತ್ರಕಾರರೂ ಲೇಖಕರೂ ಆದ ಮಾಧವರಾವ್ ಬಾಗಲರು ಈ ತಲೆಮಾರಿನ ಶ್ರೇಷ್ಠ ಪ್ರತಿನಿಧಿಗಳು. ಅವರ ತಂದೆ ಖಂಡೇರಾವ್ ಬಾಗಲರು ‘ಹಂಟರ್’ ಎಂಬ ಪತ್ರಿಕೆಯನ್ನು ನಡೆಸಿದವರು. ಚಾಟಿಯೆಂದೇ ಹೆಸರಾದ ಆ ಪತ್ರಿಕೆಯ ಮನೆಯಲ್ಲಿ ಬೆಳೆದ ಮಗನಿಗೆ ಜಾತಿಯ ಅನ್ಯಾಯವೂ ರೈತನ ತೆರಿಗೆಯ ಭಾರವೂ ಬೇರೆ ಬೇರೆ ಪ್ರಶ್ನೆಗಳಾಗಿ ಕಾಣಲಿಲ್ಲ. 1939ರ ಫೆಬ್ರವರಿಯಲ್ಲಿ ಜಯಸಿಂಗಪುರದಲ್ಲಿ ಬಾಗಲರೂ ರತ್ನಾಪ್ಪ ಕುಂಭಾರರೂ ಮುಂದಾಗಿ ಪ್ರಜಾಪರಿಷತ್ತನ್ನು ಸ್ಥಾಪಿಸಿ ಜವಾಬುದಾರಿ ಸರಕಾರವನ್ನು ಬೇಡಿದರು. ಅದೇ ವರ್ಷದ ಆರಂಭದಲ್ಲಿ ಗಣಪತರಾವ್ ಜಾಧವರ ‘ಪುಢಾರಿ’ಯು ವಾರಪತ್ರಿಕೆಯಿಂದ ದಿನಪತ್ರಿಕೆಯಾಯಿತು. 1949ರ ಮಾರ್ಚ್ 1ರಂದು ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಮರುವರ್ಷ ಡಿಸೆಂಬರ್ 9ರಂದು ಬಾಗಲರು ನಗರದ ಬಿಂದು ಚೌಕದಲ್ಲಿ ಫುಲೆಯವರ ಮತ್ತು ಅಂಬೇಡ್ಕರರ ಪುತ್ಥಳಿಗಳನ್ನು ಒಟ್ಟಿಗೆ ನಿಲ್ಲಿಸಿದರು. ಅಂಬೇಡ್ಕರರು ಆಗ ಜೀವಂತರಾಗಿದ್ದರು. ಸ್ವಾತಂತ್ರ್ಯಕ್ಕಾಗಿ ಸೆರೆಮನೆ ಕಂಡವರೇ ಸಮತೆಯ ಆಚಾರ್ಯರನ್ನು ನಗರದ ನಡುವೆ ನಿಲ್ಲಿಸಿದ ಆ ದಿನ, 1882ರಲ್ಲಿ ಒಂದು ಗಳಿಗೆ ಕೂಡಿ ಅಗಲಿದ್ದ ಎರಡು ಧಾರೆಗಳು ಮತ್ತೆ ಒಂದಾದುವೆಂದು ಹೇಳಬಹುದು.

ಈ ಪರಂಪರೆಯು ಅಲ್ಲಿಗೆ ಮುಗಿಯಲಿಲ್ಲ. ಕೊಲ್ಲಾಪುರದಲ್ಲಿ ನೆಲೆಸಿದ್ದ ಕಾಮ್ರೇಡ್ ಗೋವಿಂದ ಪಾನಸರೆಯವರು, ತಮ್ಮ ಒಂದು ಭಾಷಣವನ್ನೇ ವಿಸ್ತರಿಸಿ, ಮರಾಠಾ ರಾಜ್ಯದ ಸ್ಥಾಪಕನನ್ನು ಕುರಿತು, ಶಿವಾಜಿ ಯಾರಾಗಿದ್ದನೆಂಬ ಪ್ರಶ್ನೆಯನ್ನೇ ಹೆಸರಾಗುಳ್ಳ ಕಿರುಹೊತ್ತಗೆಯನ್ನು 1988ರಲ್ಲಿ ಪ್ರಕಟಿಸಿದರು. ರೈತನ ಪೈರನ್ನು ಕಾಯ್ದ ಅರಸನನ್ನು ಸಾಮಾನ್ಯನ ಕೈಗೆ ಮರಳಿಸುವ ಆ ಪುಸ್ತಕವು, ಚೀಲದಲ್ಲಿ ಹೊತ್ತು ಮಾರಬಹುದಾದಷ್ಟು ಚಿಕ್ಕದಾಗಿ, ಕೂಲಿಯವನೂ ಕೊಳ್ಳಬಹುದಾದ ಬೆಲೆಯಲ್ಲಿ, ಆವೃತ್ತಿಯ ಮೇಲೆ ಆವೃತ್ತಿ ಕಂಡು, ಕನ್ನಡಕ್ಕೂ ಬಂದಿತು. 2015ರ ಫೆಬ್ರವರಿ 16ರ ಬೆಳಿಗ್ಗೆ ಪಾನಸರೆಯವರ ಮೇಲೆ ಗುಂಡು ಹಾರಿತು. ನಾಲ್ಕು ದಿನಗಳ ಬಳಿಕ ಅವರು ತೀರಿಕೊಂಡರು. ಅದೇ ವರ್ಷ ಆಗಸ್ಟ್ 30ರಂದು ಧಾರವಾಡದಲ್ಲಿ ಕನ್ನಡದ ವಿದ್ವಾಂಸ ಎಂ. ಎಂ. ಕಲಬುರ್ಗಿಯವರನ್ನು ಅವರ ಮನೆಯ ಬಾಗಿಲಲ್ಲಿಯೇ ಕೊಂದರು. ಹಿಂದೆ ಪ್ರಭುತ್ವವು ಲೇಖಕನನ್ನು ನ್ಯಾಯಾಲಯಕ್ಕೆ ಕರೆಯುತ್ತಿತ್ತು. ಅಲ್ಲಿ ಅವನಿಗೆ ಉತ್ತರ ಕೊಡುವ ಅವಕಾಶವಾದರೂ ಇತ್ತು. ಗುಂಡು ಉತ್ತರವನ್ನು ಕೇಳುವುದಿಲ್ಲ.

ಕರವೀರದ ಚರಿತ್ರೆಯಿಂದ ನಾನು ಗ್ರಹಿಸಿದುದು ಇದು. ಮುದ್ರಣವು ವಿಚಾರವನ್ನು ದೂರಕ್ಕೆ ಒಯ್ಯುತ್ತದೆಂಬುದು ಅದರ ಮೊದಲ ಗುಣ ಮಾತ್ರ. ಅದಕ್ಕಿಂತ ಹಿರಿದಾದ ಗುಣವೆಂದರೆ, ಅದು ಪ್ರಶ್ನೆಯನ್ನು ಹೆಸರಿನೊಡನೆ ಸ್ಥಿರವಾಗಿ ನಿಲ್ಲಿಸಿ, ಕೇಳಿದವನ ಕಡೆಗೂ ಅದನ್ನು ತಿರುಗಿಸಲು ಮುಂದಿನವನಿಗೆ ಎಡೆಗೊಡುತ್ತದೆ. ‘ಕೇಸರಿ’ಯು ದಿವಾನನನ್ನು ಪ್ರಶ್ನಿಸಿತು, ಸತ್ಯಶೋಧಕರು ‘ಕೇಸರಿ’ಯನ್ನು ಪ್ರಶ್ನಿಸಿದರು, ಸತ್ಯಶೋಧಕರ ಮಕ್ಕಳು ತಮ್ಮನ್ನು ಸಲಹಿದ ಸಿಂಹಾಸನವನ್ನು ಪ್ರಶ್ನಿಸಿದರು. ಅನ್ಯರನ್ನು ಮಾತ್ರ ಪ್ರಶ್ನಿಸುವ ಪತ್ರಿಕೆಯು ಎಷ್ಟೇ ಉಗ್ರವಾಗಿ ಬರೆದರೂ ಕ್ರಾಂತಿಯ ಅರ್ಧ ದಾರಿಯಲ್ಲಿಯೇ ನಿಲ್ಲುತ್ತದೆ. ತನ್ನ ಜಾತಿ, ತನ್ನ ಪಕ್ಷ, ತನ್ನ ಭಾಷೆಯವರ ಅನ್ಯಾಯವನ್ನೂ ಅದೇ ಅಕ್ಷರಗಳಲ್ಲಿ ಅಚ್ಚು ಹಾಕುವ ಧೈರ್ಯವುಳ್ಳದ್ದೇ ಆ ದಾರಿಯನ್ನು ಪೂರ್ಣವಾಗಿ ನಡೆಯಬಲ್ಲುದು. ಗಡಿಯ ಎರಡೂ ಬದಿಗಳಲ್ಲಿ ಇಂದು ಬರೆಯುವವರೂ ಅಚ್ಚು ಹಾಕುವವರೂ ತಮ್ಮ ಬರಹವನ್ನು ಒರೆಗೆ ಹಚ್ಚಬೇಕಾದುದು ಈ ಅಳತೆಯಿಂದಲೇ.